ಮೊದಲ ಕೊಡ

ನಮ್ಮವ್ವನ ಅಂಗಾಲಿಗೆ ನೀರು ಗೊತ್ತಾಗುತ್ತಿತ್ತು. ಇದರಲ್ಲಿ ಪವಾಡ ಏನೂ ಇಲ್ಲ. ಹುಟ್ಟಿದಾಗಿನಿಂದ ಚಪ್ಪಲಿ ಕಾಣದ ಕಾಲು ಅದು. ಬಿಸಿಲೇರುವ ಮೊದಲು ಒಣಗಿದ ಹೊಳೆಯೊಳಗೆ ನಡೆದರೆ, ಉಸುಕಿನ ಅಡಿಯಲ್ಲಿ ನೀರಿರುವ ಕಡೆ ಕಾಲಿಗೆ ಬೇರೆ ಥರದ ತಂಪು ಹತ್ತುತ್ತದೆ. ಅಲ್ಲಿ ಅವ್ವ ನಿಲ್ಲುತ್ತಿದ್ದಳು. ಎಡಗಾಲಿನ ಹೆಬ್ಬೆರಳನ್ನು ಉಸುಕಿನೊಳಗೆ ಒತ್ತುತ್ತಿದ್ದಳು. ಇಲ್ಲಿ ಅನ್ನುತ್ತಿದ್ದಳು. ಸೊಂಟದ ಆಳಕ್ಕೆ ತೋಡಿದರೆ ನೀರು. ಹೀಗೆ ತೋಡಿದ ಗುಂಡಿಗೆ ನಮ್ಮ ಕಡೆ ವರತಿ ಅನ್ನುತ್ತಾರೆ. ಮಹಾರಾಷ್ಟ್ರದ ಗಡಿಯೊಳಗೆ ಸೇರಿದ ಜತ್ ತಾಲೂಕಿನ ನಮ್ಮೂರಿಗೆ ಮಾಘದಿಂದ ಮಳೆ ಬೀಳುವ ತನಕ ಕುಡಿಯಲು ಅದೇ ನೀರು.

ಊರಿಗೆ ಎರಡು ವರತಿ. ಮೇಲಿನದು ಗುಡಿಯ ಹತ್ತಿರ, ಊರಿನವರದು. ಕೆಳಗಿನದು ಜಾಲಿ ಗಿಡಗಳ ಹತ್ತಿರ, ನಮ್ಮ ಕೇರಿಯದು. ನಡುವೆ ಅವರು ಎಮ್ಮೆ ಮೈ ತೊಳೆಯುವ, ಅರಿವೆ ಒಗೆಯುವ ಮಡು. ಅವರ ಹೊಲಸು ಹಾದು ಬಂದದ್ದು ನಮಗೆ. ಎರಡನ್ನೂ ತೋಡುವವಳು ನಮ್ಮವ್ವ ಬಾಳಾಬಾಯಿ. ಅವಳಿಗೂ ಮೊದಲು ಅವಳ ಅತ್ತೆ.

ಮೇಲಿನ ವರತಿಗೆ ಒಂದು ರೂಢಿ ಇತ್ತು. ತೋಡುವುದು ನಾವು. ನೀರು ತಿಳಿಯಾದ ಕೂಡಲೇ ಗುಂಡಿಯಿಂದ ಹತ್ತಿ ಹತ್ತು ಮಾರು ದೂರ ಸರಿಯಬೇಕು. ಊರಿನ ಹೆಣ್ಣುಮಗಳೊಬ್ಬಳು ಬಂದು ಗೋಮೂತ್ರ ಚಿಮುಕಿಸಿ ಮೊದಲ ಕೊಡ ತುಂಬುವಳು. ಆಮೇಲೆ ಆ ನೀರಿನ ಕಡೆ ನಾವು ಹಣಿಕಿ ನೋಡುವಂತಿಲ್ಲ. ಅವ್ವನ ಬೆವರು ಬಿದ್ದ ನೀರು ಅವರಿಗೆ ನಡೆಯುತ್ತಿತ್ತು. ಅವ್ವನ ಕೊಡ ನಡೆಯುತ್ತಿರಲಿಲ್ಲ.

ನಾವು ಬೌದ್ಧರಾಗಿ ಹನ್ನೆರಡು ವರ್ಷವಾಗಿತ್ತು. ಊರಿನ ಬಾಯಲ್ಲಿ ಇನ್ನೂ ಮಹಾರರೇ. ದೀಕ್ಷೆ ತೆಗೆದುಕೊಂಡ ವರ್ಷ ನಮ್ಮ ಗಂಡಸರು ಸತ್ತ ದನ ಎಳೆಯುವುದನ್ನು ಬಿಟ್ಟರು. ಊರು ಸಿಟ್ಟಿಗೆದ್ದಿತು. ಎತ್ತು ಸತ್ತರೆ, ಎಮ್ಮೆ ಸತ್ತರೆ, ಬಂಡಿಯಲ್ಲಿ ಹೇರಿಕೊಂಡು ಬಂದು ನಮ್ಮ ವರತಿಯ ದಂಡೆಗೇ ಒಗೆದು ಹೋಗತೊಡಗಿದರು. ನಾಯಿ, ಹದ್ದು ಅಲ್ಲೇ. ನಮ್ಮ ಕೊಡಗಳೂ ಅಲ್ಲೇ. ಗಾಳಿ ತಿರುಗಿದ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮಪ್ಪ ಸತ್ತದ್ದು ವಾಂತಿಭೇದಿಯಿಂದ. ಯಾವ ನೀರು ಕುಡಿದಿದ್ದ ಅಂತ ಯಾರೂ ಕೇಳಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಪರಿಷತ್ತಿನಲ್ಲಿ ಭಾಷಣ ಮಾಡಲು ಹೂಂ ಅಂದೆ.

ಅದು ೧೯೬೯. ಗಾಂಧಿ ಶತಾಬ್ದಿಯ ವರ್ಷ. ನಾನು ಊರಿನ ಹೈಸ್ಕೂಲಿನಲ್ಲಿ ಹನ್ನೊಂದನೆಯ ಇಯತ್ತೆ, ಅಂದರೆ ಮ್ಯಾಟ್ರಿಕ್ಕು. ನಮ್ಮ ಕೇರಿಯಿಂದ ಅಷ್ಟು ದೂರ ಬಂದ ಮೊದಲ ಹುಡುಗಿ. ಶಾಲೆಯ ಚೇರಮನ್ನರು ಬಾಳಾಸಾಹೇಬರು. ಇವತ್ತಿಗೂ ಆ ಹೆಸರಿಗೆ ‘ರು’ ಹಚ್ಚುತ್ತೇನೆ ನೋಡಿ, ನಾಲಿಗೆಗೆ ಬಿದ್ದ ರೂಢಿ. ಅವರಿಗೆ ಕಣ್ಣು ಹಾಯುವಷ್ಟು ಹೊಲ, ಎರಡು ಟ್ರಕ್ಕು. ಟ್ರಕ್ಕುಗಳು ಹೊಳೆಯ ಉಸುಕು ತುಂಬಿಕೊಂಡು ಜತ್ತಿಗೆ, ಸಾಂಗಲಿಗೆ ಹೋಗುತ್ತಿದ್ದವು. ಅಂಥವರಿಗೆ ಹೊಳೆ ಉಳಿಸುವ ಮನಸ್ಸಾಯಿತು. ‘ನದೀ ರಕ್ಷಣ ವಿದ್ಯಾರ್ಥಿ ಪರಿಷದ’ ಅಂತ ಹೆಸರಿಟ್ಟರು. ಅಸಂಗಿ, ವಳಸಂಗ, ತಿಕೋಂಡಿಯ ಹುಡುಗರು ಬರುವುದು, ಸಾಂಗಲಿಯಿಂದ ಪ್ರೊಫೆಸರರೊಬ್ಬರು ಬರುವುದು, ಹೊಸ ಸಭಾಗೃಹದಲ್ಲಿ ಮರಾಠಿ ಭಾಷಣ, ಠರಾವು, ಆಮೇಲೆ ಊಟ.

ಹೆಡ್‌ಮಾಸ್ತರರು ನನ್ನನ್ನು ಕರೆದರು. ನಿನ್ನ ಮರಾಠಿ ಉಚ್ಚಾರ ಸ್ವಚ್ಛ, ದನಿ ಗಟ್ಟಿ ಅಂದರು. ಮಹಾರರ ಹುಡುಗಿ ವೇದಿಕೆಯ ಮೇಲೆ ನಿಂತರೆ ಶತಾಬ್ದಿ ವರ್ಷಕ್ಕೆ ಶೋಭೆ ಅಂತಲೂ ಬಾಯಿಬಿಟ್ಟೇ ಅಂದರು. ನನಗೆ ಸಿಟ್ಟು ಬರಲಿಲ್ಲ. ಹಿಗ್ಗಿದೆ. ಎಂಟು ದಿನ ‘ನದಿ ನಮ್ಮ ತಾಯಿ’ ಅಂತ ಬಾಯಿಪಾಠ ಮಾಡಿದೆ.

ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಅವಳಿಗೂ ಮರಾಠಿ ತಿಳಿಯುತ್ತಿತ್ತು. ತಾಯಿ, ಗಂಗೆ, ಅಮೃತ ಅಂತ ನಾನು ಒದರುವಾಗ ರೊಟ್ಟಿ ತಿರುವಿ ಹಾಕುತ್ತಿದ್ದಳು. ಕಡೆಗೆ ಒಂದೇ ಮಾತು ಅಂದಳು.

‘ಕೆಳಗಿನ ಉಸಕ ತಗೀಬ್ಯಾಡ್ರಿ ಅಂತ ಹೇಳ. ಅದು ಹೋದ್ರ ಮ್ಯಾಲಿನ ನೀರ ಜಾರಿ ಹೋಗತೈತಿ. ನಮ್ಮದಷ್ಟ ಅಲ್ಲ, ಅವರ ವರತೀನೂ ಒಣಗತೈತಿ.’

ಅದನ್ನು ನಾನು ಭಾಷಣದೊಳಗೆ ಬರೆದುಕೊಂಡೆ. ಹೆಡ್‌ಮಾಸ್ತರರು ಕೆಂಪು ಪೆನ್ಸಿಲ್ಲಿನಿಂದ ಆ ಸಾಲು ಹೊಡೆದುಹಾಕಿದರು. ಇದು ನಿಬಂಧಕ್ಕೆ ಹೊಂದುವ ಮಾತಲ್ಲ ಅಂದರು. ನಾನು ಎದುರಾಡಲಿಲ್ಲ. ಅವ್ವನಿಗೆ ಹೇಳಲೂ ಇಲ್ಲ.

ಪರಿಷತ್ತಿನ ದಿನ ಮುಂಜಾನೆ ಹೊಳೆಯಲ್ಲಿ ಪ್ರತಿಜ್ಞೆ. ಹೊಸ ವರತಿಯ ನೀರನ್ನು ಬೊಗಸೆಯಲ್ಲಿ ಹಿಡಿದು, ಹೊಳೆ ಕಾಯುತ್ತೇವೆ ಅಂತ ಆಣೆ ಮಾಡಿ ಕುಡಿಯಬೇಕು. ಅದಕ್ಕೆ ವರತಿ ಬೇಕಲ್ಲ. ಹಿಂದಿನ ದಿನವೇ ನಮ್ಮ ಕೇರಿಯ ಹಿರಿಯ ತಮ್ಮಣ್ಣ ಕಾಕಾನ ಕೈಲಿ ಅವ್ವನಿಗೆ ಹೇಳಿಕಳಿಸಿದ್ದರು. ನಾನು ಬಿಳಿ ಪೋಲಕ, ನೀಲಿ ಲಂಗ ಹಾಕಿ, ಎದೆಗೆ ಪರಿಷತ್ತಿನ ಬಿಲ್ಲೆ ಚುಚ್ಚಿಕೊಂಡು, ಶಾಲೆಯ ಹುಡುಗಿಯರ ಸಾಲಿನಲ್ಲಿ ಹೊಳೆಗೆ ಇಳಿದಾಗ ಅವ್ವ ಆಗಲೇ ಗುಂಡಿಯೊಳಗಿದ್ದಳು.

ಸೊಂಟದ ತನಕ ಇಳಿದಿದ್ದಳು. ಸೀರೆಗೆ ಕಚ್ಚೆ ಹಾಕಿದ್ದಳು. ಸಲಿಕೆಯಿಂದ ಹಸಿ ಉಸುಕು ಬುಟ್ಟಿಗೆ ತುಂಬುವುದು, ಬುಟ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತುವುದು, ದಂಡೆಗೆ ಚೆಲ್ಲುವುದು. ಬದಿ ಕುಸಿಯುತ್ತದೆ. ಮತ್ತೆ ತುಂಬುವುದು. ಹಸಿ ಉಸುಕು ಹೆಣಭಾರ. ಮೊಣಕೈ ತರಚಿತ್ತು. ಉಗುರಿನ ಸಂದಿಯಲ್ಲಿ ರಕ್ತ ಇತ್ತು. ಇನ್ನೂರು ಮಂದಿ ಸುತ್ತ ನಿಂತು ನೋಡಿದರು. ಪ್ರೊಫೆಸರರು ಫೋಟೋ ತೆಗೆಸಿದರು. ನೀರು ಬಂತು. ಮೊದಲು ಕೆಂಪಗೆ, ಆಮೇಲೆ ಬೂದಿ ಬಣ್ಣ. ಅವ್ವ ತೆಂಗಿನ ಪರಟಿಯಿಂದ ಮೊಗೆಮೊಗೆದು ಹೊರಗೆ ಚೆಲ್ಲಿದಳು. ತಳದ ಉಸುಕಿನ ಕಾಳು ಕಾಣುವ ಹಾಗೆ ತಿಳಿಯಾಯಿತು.

‘ಸಾಕ. ಏರ ಮ್ಯಾಲ,’ ಅಂದರು ಬಾಳಾಸಾಹೇಬರು.

ಅವ್ವ ಎರಡೂ ಕೈ ಊರಿ ಹತ್ತಿದಳು. ಯಾರೂ ಕೈ ಕೊಡಲಿಲ್ಲ. ನಾನೂ ಕೊಡಲಿಲ್ಲ. ಗುಡಿಯ ಪೂಜಾರಿ ಗೋಮೂತ್ರ ಚಿಮುಕಿಸಿದ. ಅವ್ವ ಬುಟ್ಟಿ, ಸಲಿಕೆ ಹೊತ್ತು ನಮ್ಮ ಸಾಲಿನ ಮುಂದೆಯೇ ಹಾದುಹೋದಳು. ನನ್ನ ಕಡೆ ಕಣ್ಣೆತ್ತಲಿಲ್ಲ. ಗುರುತಿಲ್ಲದವಳ ಹಾಗೆ ಹೋದಳು. ಬಿಳಿ ಪೋಲಕದ ಮಗಳಿಗೆ ನಾಲ್ಕು ಮಂದಿಯಲ್ಲಿ ನಾಚಿಕೆಯಾಗಬಾರದು ಅಂತ. ನಾನೂ ನೆಲ ನೋಡಿದೆ. ಆ ಗಳಿಗೆ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಒಬ್ಬೊಬ್ಬರಾಗಿ ಬಗ್ಗಿ ಬೊಗಸೆ ಅದ್ದಿದರು. ನನ್ನ ಸರದಿ ಬಂದಾಗ ಮುರಗೆಪ್ಪ ಅಡ್ಡ ಬಂದ. ನನ್ನ ವರ್ಗದವನೇ, ಲಿಂಗಾಯತ ರೈತರ ಮಗ, ಪರಿಷತ್ತಿನ ಸೆಕ್ರೆಟರಿ. ಗಣಿತವನ್ನು ನನ್ನ ವಹಿ ನೋಡಿ ಬರೆಯುತ್ತಿದ್ದವ. ಕೈಯಲ್ಲಿ ತಂಬಿಗೆ ಹಿಡಿದಿದ್ದ.

‘ನೀ ಅಲ್ಲೇ ನಿಂದ್ರ, ಚಂದ್ರಾ. ನಾ ಹಾಕತೀನಿ.’

ಕೆಟ್ಟ ದನಿಯಲ್ಲಿ ಅನ್ನಲಿಲ್ಲ. ಮೆಲ್ಲಗೇ ಅಂದ. ಮೇಲಿನಿಂದ ಸುರಿದ. ನಮ್ಮವ್ವ ತೋಡಿದ ನೀರು ನನ್ನ ಕೈಗೆ ಮೇಲಿನಿಂದ ಬಿತ್ತು. ನಾನು ಕುಡಿದೆ. ಆಣೆಯನ್ನೂ ಮಾಡಿದೆ.

ಅಲ್ಲಿಂದ ಸಭಾಗೃಹಕ್ಕೆ ಹೋದೆವು. ಅದರ ಗೋಡೆಗೆ ಬೇಕಾದ ಉಸುಕನ್ನು ಅವ್ವ ಮತ್ತು ನಮ್ಮ ಕೇರಿಯ ಹೆಂಗಸರು ಎರಡು ಬೇಸಿಗೆ ತಲೆಯ ಮೇಲೆ ಹೊತ್ತಿದ್ದರು. ಆವತ್ತು ಅವರು ಹೊರಗೆ, ಕಿಟಕಿಯ ಕೆಳಗೆ ಕುಳಿತಿದ್ದರು. ಊಟವಾದ ಮೇಲೆ ಎಂಜಲೆಲೆ ತೆಗೆಯಲು. ನಾನು ವೇದಿಕೆಯ ಮೇಲೆ ಕುರ್ಚಿಯಲ್ಲಿದ್ದೆ. ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಪ್ರೊಫೆಸರರು ಬೆನ್ನು ತಟ್ಟಲು ಕೈ ಎತ್ತಿದರು, ಪಕ್ಕದವರು ಕಿವಿಯಲ್ಲಿ ಏನೋ ಅಂದರು, ಕೈ ಇಳಿಸಿ ನಮಸ್ಕಾರ ಮಾಡಿದರು.

ಆಮೇಲೆ ಬಾಳಾಸಾಹೇಬರು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು. ಮೂರು ಠರಾವು ಇವೆ, ನೀನೇ ಓದು ಮಗಳೇ ಅಂದರು. ಮಗಳೇ ಅಂದರು.

ಮೊದಲನೆಯದು ದಂಡೆಗೆ ಗಿಡ ಹಚ್ಚುವುದು. ಓದಿದೆ. ಇನ್ನೂರು ಕೈ ಎದ್ದವು. ಎರಡನೆಯದು ಗುಡಿಯ ಮುಂದೆ ಹೊಳೆಗೆ ಇಳಿಯಲು ಕಲ್ಲಿನ ಪಾವಟಿಗೆ ಕಟ್ಟುವುದು. ಓದಿದೆ. ಕೈ ಎದ್ದವು. ಮೂರನೆಯದರ ಮೇಲೆ ಕಣ್ಣು ಹೋಯಿತು.

ಜಾಲಿ ಗಿಡಗಳ ಹತ್ತಿರ ಸತ್ತ ದನ ಬಿದ್ದು, ಅಲ್ಲಿನ ವಸತಿಯವರು ಗುಂಡಿ ತೋಡಿ ಹೊಳೆಯನ್ನು ಹೊಲಸು ಮಾಡುತ್ತಿದ್ದಾರೆ. ನದಿಯ ಪಾವಿತ್ರ್ಯಕ್ಕಾಗಿ ಆ ಭಾಗದಲ್ಲಿ ವರತಿ ತೋಡುವುದನ್ನು ಬಂದ್ ಮಾಡಬೇಕು. ಆ ಭಾಗವನ್ನು ಸ್ವಚ್ಛ ಮಾಡುವ ಕೆಲಸವನ್ನು ಚೇರಮನ್ನರಿಗೆ ಒಪ್ಪಿಸಬೇಕು. ಹೀಗೆ ಬರೆದಿತ್ತು.

ಸ್ವಚ್ಛ ಮಾಡುವುದು ಅಂದರೆ ಎರಡು ಟ್ರಕ್ಕು. ಆಚೆ ದಂಡೆಯ ಉಸುಕು ಮುಗಿದಿತ್ತು. ಒಳ್ಳೆಯ ಉಸುಕು ಉಳಿದದ್ದು ನಮ್ಮ ವರತಿಯ ಸುತ್ತ ಮಾತ್ರ. ಊರ ಸವಳು ನೀರಿನ ಬಾವಿಗೂ ನಮ್ಮನ್ನು ಬಿಡುವುದಿಲ್ಲ. ಮೇಲಿನ ವರತಿಗೆ ಬಿಡುವುದಿಲ್ಲ. ಕೆಳಗಿನದನ್ನೂ ಮುಚ್ಚಿದರೆ ನಲವತ್ತು ಮನೆ ಏನು ಕುಡಿಯಬೇಕು? ಅದನ್ನು ನನ್ನ ಬಾಯಿಂದಲೇ ಓದಿಸುವುದು. ನಾಳೆ ಯಾರಾದರೂ ತಕರಾರು ತೆಗೆದರೆ, ಅವರ ಹುಡುಗಿಯೇ ಓದಿದ್ದಾಳಲ್ಲ ಅನ್ನುವುದು. ವೇದಿಕೆ, ಕುರ್ಚಿ, ಬಿಲ್ಲೆ, ಮಗಳೇ ಅಂದದ್ದು, ಎಲ್ಲ ಇದಕ್ಕೇ.

ಓದು, ಓದು ಅಂತ ಹೆಡ್‌ಮಾಸ್ತರರು ಹಿಂದಿನಿಂದ ಪಿಸುಗುಟ್ಟಿದರು. ನಾನು ಹಾಳೆಯನ್ನು ಮೇಜಿನ ಮೇಲೆ ಇಟ್ಟೆ. ಎಂಟು ದಿನ ಬಾಯಿಪಾಠ ಮಾಡಿದ ಮರಾಠಿ ಎಲ್ಲಿ ಹೋಯಿತೋ. ಮನೆಯ ಮಾತೇ ಬಂತು.

‘ಇದನ್ನ ನಾ ಓದಂಗಿಲ್ಲ. ಮುಂಜಾನಿ ನೀವೆಲ್ಲಾ ಕುಡದ ನೀರ ತೋಡಿದಾಕಿ ನಮ್ಮವ್ವ. ಹೊರಗ ಕುಂತಾಳ ನೋಡ್ರಿ, ನಿಮ್ಮ ಎಂಜಲಾ ತಗ್ಯಾಕ. ಸತ್ತ ದನ ತಂದ ಒಗಿಯೋರು ನೀವು. ಉಸಕ ಒಯ್ಯೋರು ನೀವು. ಹೊಳಿ ಕೆಡಿಸಿದೋರು ನಾವೇನು? ನಮ್ಮ ವರತಿ ಮುಚ್ಚಿದ್ರ ನಾವು ಏನ ಕುಡೀಬೇಕ, ಅದನ್ನೂ ಈ ಕಾಗದದಾಗ ಬರೀರಿ.’

ಪ್ರೊಫೆಸರರಿಗೆ ಕನ್ನಡ ಬರುತ್ತಿರಲಿಲ್ಲ. ಹುಡುಗಿ ಏನಂದಳು ಅಂತ ಕೇಳಿದರು. ಉಪವಾಸ ಇದ್ದಾಳೆ, ದಣಿದಿದ್ದಾಳೆ ಅಂತ ಹೆಡ್‌ಮಾಸ್ತರರು ಮರಾಠಿಯಲ್ಲಿ ಹೇಳಿದರು. ಪಾಪ ಅಂದರು ಅವರು. ಬಾಳಾಸಾಹೇಬರು ಮುರಗೆಪ್ಪನ ಕಡೆ ಬೆರಳು ಮಾಡಿದರು. ಮುರಗೆಪ್ಪ ಎದ್ದು ಬಂದ. ಹಾಳೆ ತೆಗೆದುಕೊಂಡ. ಮೂರನೆಯ ಠರಾವು ಓದಿದ. ಇನ್ನೂರು ಕೈ ಎದ್ದವು. ನಮ್ಮ ಹೊಳೆಯನ್ನು ಆವತ್ತು ಮೊದಲ ಸಲ ನೋಡಿದವರೂ ಎತ್ತಿದರು. ಒಂದು ಕೈಯೂ ಕೆಳಗೆ ಉಳಿಯಲಿಲ್ಲ. ನಾನು ಎಣಿಸಲು ನಿಂತಿದ್ದೆ, ನನಗೆ ಗೊತ್ತು.

ಮ್ಯಾಟ್ರಿಕ್ ಪರೀಕ್ಷೆಗೆ ನನಗೆ ಹಾಲ್ ಟಿಕೆಟ್ ಕೊಡಲಿಲ್ಲ. ವರ್ತನೆ ಸರಿಯಿಲ್ಲ ಅಂತ ಬರೆದಿದ್ದರು. ಉಚ್ಚಾರ ಸ್ವಚ್ಛ ಅಂದ ಹೆಡ್‌ಮಾಸ್ತರರದೇ ಸಹಿ. ಹನ್ನೊಂದು ವರ್ಷ ಅವ್ವ ಬುಟ್ಟಿ ಹೊತ್ತು ಓದಲಿ ಅಂತ ಕಳಿಸಿದ್ದು ಒಂದು ಸಹಿಗೆ ಮುಗಿಯಿತು. ಅವ್ವ ಬೈಯಲಿಲ್ಲ. ಪುಸ್ತಕಗಳನ್ನು ಅರಿವೆಯಲ್ಲಿ ಕಟ್ಟಿ ಗೋಡೆಯ ಮಾಡಿನಲ್ಲಿಟ್ಟಳು.

ವಾರದೊಳಗೆ ಟ್ರಕ್ಕುಗಳು ಜಾಲಿ ಗಿಡಗಳ ಹತ್ತಿರ ಇಳಿದವು. ನಮ್ಮ ವರತಿಯ ಮೇಲೆ ಗಾಲಿ ಹತ್ತಿಸಿದರು. ತುಂಬಲು ಆಳು ಬೇಕಿತ್ತು. ಬೇರೆ ಕೂಲಿ ನಮಗೆ ಯಾರೂ ಕೊಡಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ತುಂಬಿದವರು ನಾವೇ. ನಾನೂ ಅವ್ವನೂ. ನಮ್ಮ ನೀರಿದ್ದ ಉಸುಕನ್ನು ನಾವೇ ಬುಟ್ಟಿಯಲ್ಲಿ ಹೊತ್ತು, ಹಲಗೆ ಹತ್ತಿ, ಟ್ರಕ್ಕಿಗೆ ಸುರಿದೆವು. ಬುಟ್ಟಿಯಿಂದ ನೀರು ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಅವ್ವ ನಾಲಿಗೆ ಚಾಚಿ ಅದನ್ನು ನೆಕ್ಕುವುದನ್ನು ನೋಡಿದೆ. ಆಮೇಲೆ ನಾನೂ ನೆಕ್ಕಿದೆ. ಮಳೆಗಾಲದ ಹೊತ್ತಿಗೆ ಅಲ್ಲಿ ಕಪ್ಪು ಕಲ್ಲು ಕಂಡಿತು. ಕುಡಿಯಲು ಅಸಂಗಿ ಹಾದಿಯ ಒಂದು ತೋಟಕ್ಕೆ ಒಂದು ಹರದಾರಿ ನಡೆಯುತ್ತಿದ್ದೆವು. ಅಲ್ಲಿ ತೋಟದವರು ಮನಸ್ಸು ಮಾಡಿ ಸುರಿದರೆ ಉಂಟು, ಇಲ್ಲದಿದ್ದರೆ ಖಾಲಿ ಕೊಡ.

ಮರುವರ್ಷ ಮಾಘ ಬಂತು. ಮೇಲಿನ ವರತಿ ತೋಡಲು ಅವ್ವನಿಗೆ ಕರೆ ಬಂತು. ಮೈಗೆ ಹುಷಾರಿಲ್ಲ ಅಂತ ಹೇಳಿಕಳಿಸಿದಳು. ಊರಿನವರು ತಾವೇ ತೋಡಿದರು. ಎಂಟು ಕಡೆ ತೋಡಿದರು. ಒಣ ಉಸುಕು, ಅದರ ಕೆಳಗೆ ಕಲ್ಲು. ಅವ್ವ ಹೇಳಿದ್ದೇ ಆಗಿತ್ತು. ಕೆಳಗಿನ ಉಸುಕು ಹೋಗಿ ಮೇಲಿನ ನೀರು ಜಾರಿತ್ತು. ಊರ ಬಾವಿಯೂ ತಳ ಕಂಡಿತು. ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದ ಸಾಲು ಅದು.

ಆಗ ಬಾಳಾಸಾಹೇಬರು ತಾವೇ ನಮ್ಮ ಕೇರಿಯ ಬಾಯಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

‘ಬಾಳಾ, ನಡಿ. ಊರ ನೀರಿಲ್ದ ಸಾಯಾಕತ್ತೈತಿ.’

ಅವ್ವ ಎದ್ದಳು. ಹೊಳೆಗೆ ಇಳಿದಳು. ಊರಿಗೆ ಊರೇ ಹಿಂದೆ ಬಂತು. ಅವ್ವ ಬರಿಗಾಲಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನಡೆದಳು. ಹೊಳೆಯ ತಿರುವಿನಲ್ಲಿ ನಿಂತಳು. ಎಡಗಾಲಿನ ಹೆಬ್ಬೆರಳು ಉಸುಕಿನೊಳಗೆ ಇಳಿಯಿತು. ನಾನು ನೋಡಿದೆ. ಬೇರೆ ಯಾರಿಗೂ ಅದರ ಅರ್ಥ ತಿಳಿಯುತ್ತಿರಲಿಲ್ಲ. ತಲೆಮಾರುಗಳಿಂದ ನೀರು ಕುಡಿದವರು, ತೋಡುವವರ ಕಾಲನ್ನು ಒಂದು ದಿನವೂ ನೋಡಿರಲಿಲ್ಲ.

‘ನೀರ ಬಂದ ಮ್ಯಾಲ ಮೊದಲಿನ ಕೊಡಾ ಯಾರ ತುಂಬಬೇಕ್ರಿ, ಸಾಹೇಬ್ರ?’

‘ಇದೇನ ಕೇಳೂ ಮಾತ? ರೂಢಿ ಇದ್ದಂಗ.’

‘ಹಂಗಾರ ನೀವ ತೋಡ್ಕೋರಿ. ನೀರ ಐತಿ. ಎಲ್ಲೈತಿ ಅನ್ನೂದು ನನ್ನ ಕಾಲಿಗಿ ಗೊತ್ತೈತಿ. ಹೇಳಂಗಿಲ್ಲ.’

ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿದರು. ಅವ್ವ ಮೊಣಕಾಲ ಮೇಲೆ ಬಿದ್ದಳು. ಎದ್ದಳು. ಸೀರೆ ಕೊಡವಿಕೊಂಡು ಮನೆಗೆ ನಡೆದಳು. ಅವಳ ಹಿಂದೆ ನಾನು. ಈ ಸಲ ನೆಲ ನೋಡಲಿಲ್ಲ.

ತಮ್ಮಣ್ಣ ಕಾಕಾ ಮನೆಗೆ ಬಂದು ಕುಳಿತ. ನಾಳೆಯಿಂದ ಯಾರ ಹೊಲದಲ್ಲಿ ಕಾಲಿಡುವುದು, ಜಾಗ ತೋರಿಸಿಬಿಡು ಅಂತ ಅಂಗಲಾಚಿದ. ಅವನ ಮಾತಲ್ಲೂ ಸುಳ್ಳಿರಲಿಲ್ಲ. ಹೆದರಿಕೆ ನನಗೂ ಇದೆ, ನೀರಡಿಕೆ ಅದಕ್ಕಿಂತ ಹೆಚ್ಚಿದೆ ಅಂದಳು ಅವ್ವ.

ಮರುದಿನ ಬಿಸಿಲೇರಿದ ಮೇಲೆ, ಎಲ್ಲರೂ ನೋಡುವ ಹಾಗೆ, ನಮ್ಮ ಕೇರಿಯ ಹದಿನಾಲ್ಕು ಹೆಂಗಸರು ಹೊಳೆಯ ತಿರುವಿಗೆ ಹೋದೆವು. ತೋಡಿದೆವು. ಈ ಸಲ ನೀರು ಆಳಕ್ಕೆ ಹೋಗಿತ್ತು. ಸೊಂಟ ದಾಟಿತು, ಎದೆ ದಾಟಿತು, ಅವ್ವನ ತಲೆಯಷ್ಟೇ ಕಾಣುತ್ತಿತ್ತು. ಕುಸಿದ ಉಸುಕು ಎರಡು ಸಲ ಅವಳ ಕಾಲು ಹೂತಿತು. ಎಳೆದು ತೆಗೆದೆವು. ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ಪರಟಿಯಿಂದ ಮೊಗೆದು ತಿಳಿ ಮಾಡಿದಳು. ಹತ್ತಿ ಬಂದು ನನ್ನ ಕಡೆ ನೋಡಿದಳು.

‘ಚಂದ್ರಾ, ಇಳಿ. ಮೊದಲಿನ ಕೊಡಾ ನೀ ತುಂಬ.’

ಇಳಿದೆ. ಮಣ್ಣಿನ ಕೊಡ ಅದ್ದಿದೆ. ನೀರು ತಣ್ಣಗಿತ್ತು. ಎರಡೂ ಕೈ ಮೊಣಕೈ ತನಕ ನೀರಿನೊಳಗಿದ್ದವು. ಯಾರೂ ಮೇಲಿನಿಂದ ಸುರಿಯಲಿಲ್ಲ. ಗುಂಡಿಯೊಳಗೆ ನಿಂತು ಅತ್ತೆ.

ಹತ್ತಿ ಬರುವಷ್ಟರಲ್ಲಿ ಊರು ಬಂದು ಸುತ್ತ ನಿಂತಿತ್ತು. ಗಂಡಸರ ಕೈಯಲ್ಲಿ ಸಲಿಕೆ, ಹೆಂಗಸರ ಟೊಂಕದ ಮೇಲೆ ಖಾಲಿ ಕೊಡ. ಮುರಗೆಪ್ಪನ ತಾಯಿ ಚನ್ನವ್ವ ಎಲ್ಲರಿಗಿಂತ ಮುಂದೆ ಇದ್ದಳು. ಗುಂಡಿಯೊಳಗೆ ಬಗ್ಗಿ ನೋಡಿದಳು. ಅವಳ ತುಟಿ ನೀರಿಲ್ಲದೆ ಒಣಗಿ ಸೀಳಿತ್ತು.

‘ಬರ್ರಿ ಚನ್ನವ್ವ, ನೀವೂ ತುಂಬಕೋರಿ,’ ಅಂದಳು ಅವ್ವ. ‘ನೀರ ಎಲ್ಲಾರಿಗೂ ಸಾಕಾಗತೈತಿ. ನಮ್ಮ ಹಿಂದ ಪಾಳಿ ಹಚ್ಚರಿ, ಅಷ್ಟ.’

ಚನ್ನವ್ವ ಒಂದು ಹೆಜ್ಜೆ ಮುಂದೆ ಇಟ್ಟಳು. ನಾನು ಸುಳ್ಳು ಹೇಳುವುದಿಲ್ಲ, ಇಟ್ಟಳು. ಆಗ ಬಾಳಾಸಾಹೇಬರು ಅಂದರು, ಮುಚ್ಚಿರಿ ಅದನ್ನ.

ಮುಚ್ಚಿದರು. ಮೂರು ದಿನದಿಂದ ಸರಿಯಾಗಿ ನೀರು ಕುಡಿಯದ ಮಂದಿ, ನೀರು ತುಂಬಿದ ಗುಂಡಿಗೆ ಉಸುಕು ಎಳೆದರು. ನಾವು ಮೊದಲು ತುಂಬಿದೆವು ಅನ್ನುವ ಒಂದೇ ಕಾರಣಕ್ಕೆ. ಮುರಗೆಪ್ಪನ ಕೈಯಲ್ಲೂ ಸಲಿಕೆ ಇತ್ತು. ಅವನು ನನ್ನ ಮುಖ ನೋಡಲಿಲ್ಲ. ಅವನ ತಾಯಿ ಖಾಲಿ ಕೊಡ ಹಿಡಿದು ಕಡೆಯ ತನಕ ಅಲ್ಲೇ ನಿಂತಿದ್ದಳು. ಅಡ್ಡ ಹೋದ ನಮ್ಮ ಹೆಂಗಸರನ್ನು ತಳ್ಳಿ ಕೆಡವಿದರು. ಯಾರೋ ನನ್ನ ಕೊಡ ಒದ್ದರು. ಒಡೆಯಿತು. ನೀರು ಕಣ್ಣೆದುರಿಗೇ ಉಸುಕಿನಲ್ಲಿ ಇಂಗಿತು. ಹಸಿ ಕಲೆಯೊಂದು ಉಳಿಯಿತು, ಅದೂ ಒಣಗಿತು.

ಅವರು ಹೋದ ಮೇಲೆ ನಾನು ಒಡೆದ ಕೊಡದ ಬೋಕಿಗಳ ಮುಂದೆ ಕುಳಿತೆ. ಅವ್ವ ಮೊಣಕಾಲು ಒತ್ತಿಕೊಳ್ಳುತ್ತ ಬಂದು ಪಕ್ಕ ಕುಳಿತಳು. ಹರಿದ ಸೀರೆಯ ಸೆರಗಿನಿಂದ ನನ್ನ ಮುಖದ ಉಸುಕು ಒರೆಸಿದಳು.

‘ಗುಂಡಿ ಮುಚ್ಯಾರ. ನನ್ನ ಕಾಲ ಮುಚ್ಯಾರೇನ? ಏಳ. ನಾಳಿ ಮತ್ತ ತೋಡೂಣು.’

ಮರುದಿನ ತೋಡಿದೆವು. ಮುಚ್ಚಿದರು. ಅದರ ಮರುದಿನ ಮತ್ತೆ ತೋಡಿದೆವು.